ಬೀಗಿತಿಯ ಅಸ್ಥಿ, ಕೋಯಾ ಬೆಟ್ಟದ ದಾರಿ

ಪ್ರಶ್ನೆ: ನಮ್ಮ ಮಗ ಒಸಾಕಾದಲ್ಲಿ ಕೆಲಸದಲ್ಲಿದ್ದಾನೆ. ಸೊಸೆ ಜಪಾನಿನವಳು. ಮೇ ತಿಂಗಳಲ್ಲಿ ಅವಳ ತಾಯಿ, ಅಂದರೆ ನಮ್ಮ ಬೀಗಿತಿ, ತೀರಿಕೊಂಡರು. ಆಗ ನಮಗೆ ಹೋಗಲು ಆಗಲಿಲ್ಲ. ನವೆಂಬರಿನಲ್ಲಿ ಅವರ ಅಸ್ಥಿಯನ್ನು ಕೋಯಾಸಾನ್ ಎಂಬ ಬೆಟ್ಟಕ್ಕೆ ಒಯ್ಯುತ್ತಾರಂತೆ. ನೀವಿಬ್ಬರೂ ಬನ್ನಿ ಎಂದು ಸೊಸೆ ತಾನಾಗಿ ಕರೆದಿದ್ದಾಳೆ. ಆದರೆ ಅಲ್ಲಿಯವರೆಗೂ ಅಸ್ಥಿ ಮನೆಯ ಹಾಲಿನಲ್ಲೇ ಇರುತ್ತದಂತೆ! ಪಕ್ಕದಲ್ಲೇ ಅಡುಗೆ, ಊಟ ಎಲ್ಲಾ ನಡೆಯುತ್ತದೆ. ಅಂಥ ಮನೆಯಲ್ಲಿ ನಾವು ಉಳಿಯಬಹುದಾ? ಎಳ್ಳು, ದರ್ಭೆ ತೆಗೆದುಕೊಂಡು ಹೋಗಲಾ? ಒಂದು ಚೂರು ಅಸ್ಥಿಯನ್ನು ಇಲ್ಲಿಗೆ ತಂದು ಶ್ರೀರಂಗಪಟ್ಟಣದ ಪಶ್ಚಿಮವಾಹಿನಿಯಲ್ಲಿ ಬಿಟ್ಟರೆ ಅವರಿಗೂ ಒಳ್ಳೆಯದಲ್ವಾ? ಯಾವ ಸೀರೆ ಉಡಲಿ? ನನಗೆ ಮಂಡಿನೋವು ಬೇರೆ.
— ಹೆಸರು ಬೇಡ, ಮೈಸೂರು

ಉತ್ತರ: ನಿಮ್ಮ ಆಶ್ಚರ್ಯಸೂಚಕ ಚಿಹ್ನೆ ನೋಡಿ ನಗು ಬಂತು. ಬೇಜಾರು ಮಾಡಿಕೊಳ್ಳಬೇಡಿ. ನನಗೂ ಹಾಗೇ ಆಗಿತ್ತು.

ಒಸಾಕಾದ ಪಕ್ಕದ ಸಕಾಯ್ ಊರಿನಲ್ಲಿ ನಾವು 19 ವರ್ಷ ಇದ್ದೆವು. ನೆರೆಮನೆಯಲ್ಲಿ ಒಬ್ಬ ಅಜ್ಜಿ. ಅವರ ಯಜಮಾನರು ತೀರಿಕೊಂಡ ವಾರ ಮಾತಾಡಿಸಲು ಹೋಗಿದ್ದೆ. ಟೀ ಕೊಟ್ಟರು. ಫೋಟೋದ ಪಕ್ಕದಲ್ಲಿ ಬಿಳಿ ಜರಿಬಟ್ಟೆ ಹೊದಿಸಿದ ಒಂದು ಡಬ್ಬ. ಯಾರೋ ಕೊಟ್ಟ ಸಿಹಿ ಇರಬೇಕು ಎಂದುಕೊಂಡೆ. ಅಜ್ಜಿ ಅದರ ಕಡೆ ಕೈ ತೋರಿಸಿ, "ಇವರು ಇಲ್ಲೇ ಇದ್ದಾರೆ, ನೀವು ಬಂದದ್ದು ಹೇಳಿದ್ದೇನೆ" ಎಂದರು. ಕೈಯಲ್ಲಿದ್ದ ಬಟ್ಟಲು ಸಾಸರಿನ ಮೇಲೆ ಕಟಕಟ ಅಂದಿತು. ನಮ್ಮ ಕಡೆ ಅಸ್ಥಿಯ ಗಡಿಗೆ ಹೊಸಿಲು ದಾಟುವುದಿಲ್ಲ. ಹೊರಗೆ ಮರಕ್ಕೆ ಕಟ್ಟುತ್ತಾರೆ. ಆವತ್ತು ಮನೆಗೆ ಬಂದವಳೇ ತಲೆಗೆ ನೀರು ಹಾಕಿಕೊಂಡೆ. ಅಜ್ಜಿಗೆ ಇದನ್ನು ಯಾವತ್ತೂ ಹೇಳಲಿಲ್ಲ.

ಅವರ ಲೆಕ್ಕ ಬೇರೆ. ಸತ್ತವರು 49 ದಿನ ದಾರಿಯಲ್ಲಿರುತ್ತಾರೆ. ಏಳು ದಿನಕ್ಕೊಂದು ಸಲ ಒಂದೊಂದು ವಿಚಾರಣೆ. 35ನೇ ದಿನ ವಿಚಾರಿಸುವವನು ಎಮ್ಮ. ಬೇರೆ ಯಾರೂ ಅಲ್ಲ, ನಮ್ಮ ಯಮನೇ. ಇಲ್ಲಿಂದ ಚೀನಾಕ್ಕೆ ಹೋಗಿ, ಅಲ್ಲಿ ನ್ಯಾಯಾಧೀಶನ ವೇಷ ಹಾಕಿಕೊಂಡು ಜಪಾನಿಗೆ ಬಂದಿದ್ದಾನೆ. ಅಷ್ಟು ದಿನ ಸತ್ತವರನ್ನು ಒಂಟಿಯಾಗಿ ಬಿಡಬಾರದು ಎಂದು ಅಸ್ಥಿಯನ್ನು ಮನೆಯಲ್ಲಿಟ್ಟು ಅನ್ನ, ನೀರು, ಊದುಬತ್ತಿ ಇಡುತ್ತಾರೆ. 49ಕ್ಕೆ ಅವರ ಸೂತಕ ಮುಗಿಯಿತು. ಅದರ ನಂತರವೂ ಎಷ್ಟೋ ಮನೆಗಳಲ್ಲಿ ಅಸ್ಥಿ ಇನ್ನೂ ಕೆಲವು ತಿಂಗಳು ಇರುತ್ತದೆ. ನಿಮ್ಮ ಬೀಗಿತಿಯ ಮನೆಯಲ್ಲೂ ಹಾಗೇ ಆಗಿರಬೇಕು.

ಆದ್ದರಿಂದ ಧಾರಾಳವಾಗಿ ಉಳಿಯಿರಿ. ಒಳಗೆ ಹೋದ ತಕ್ಷಣ, ಕಾಫಿಗಿಂತ ಮುಂಚೆ, ಆ ಡಬ್ಬದ ಮುಂದೆ ಕೂತು ಒಂದು ಊದುಬತ್ತಿ ಹಚ್ಚಿ. ಬಾಯಲ್ಲಿ ಊದಿ ಆರಿಸಬೇಡಿ, ಕೈ ಬೀಸಿ. ಇದೊಂದು ಮಾಡಿದರೆ ಸೊಸೆಗೆ ನೀವು ಬೇರೆ ಏನೂ ಹೇಳಬೇಕಾಗಿಲ್ಲ. ಮೈಲಿಗೆಯ ಯೋಚನೆ ಬಂದರೆ ಸ್ನಾನ ಮಾಡಿಕೊಳ್ಳಿ. ಜಪಾನಿನಲ್ಲಿ ರಾತ್ರಿ ಎಲ್ಲರೂ ಸ್ನಾನ ಮಾಡುತ್ತಾರೆ, ಯಾರಿಗೂ ಅನುಮಾನ ಬರುವುದಿಲ್ಲ.

ಚಾಪ್‌ಸ್ಟಿಕ್ಕಿನ ವಿಷಯ ಈಗಲೇ ಹೇಳಿಬಿಡುತ್ತೇನೆ. ಊಟದಲ್ಲಿ ನಿಮ್ಮ ಕಡ್ಡಿಯಿಂದ ಇನ್ನೊಬ್ಬರ ಕಡ್ಡಿಗೆ ಏನನ್ನೂ ದಾಟಿಸಬೇಡಿ. ಹೊಸದರಲ್ಲಿ ನಾನು ಅದೇ ಅಜ್ಜಿಗೆ ಒಂದು ತುಂಡು ತೋಫು ಹಾಗೆ ಕೊಡಲು ಹೋಗಿದ್ದೆ. ಮೇಜಿನ ಸುತ್ತ ಎಲ್ಲರೂ ಗಪ್‌ಚುಪ್. ಕಾರಣ ತಿಳಿದದ್ದು ಅವರ ಯಜಮಾನರು ತೀರಿಕೊಂಡ ಮೇಲೆ. ದಹನವಾದ ಮೇಲೆ ಮನೆಯವರು ಇಬ್ಬಿಬ್ಬರಾಗಿ ನಿಂತು, ಇಬ್ಬರ ಕಡ್ಡಿಗಳಿಂದಲೂ ಒಂದೇ ಮೂಳೆಯನ್ನು ಹಿಡಿದೆತ್ತಿ ಗಡಿಗೆಗೆ ಹಾಕುತ್ತಾರೆ. ಮೊದಲು ಕಾಲಿನ ಮೂಳೆ, ಕೊನೆಗೆ ತಲೆಯದು. ಗಡಿಗೆಯೊಳಗೆ ಮನುಷ್ಯ ತಲೆಕೆಳಗಾಗಬಾರದಲ್ಲ. ಕತ್ತಿನ ಒಂದು ಮೂಳೆಗೆ 'ಗಂಟಲ ಬುದ್ಧ' ಎಂದು ಹೆಸರು. ನೋಡಲು ಕೈಮುಗಿದು ಕೂತ ಬುದ್ಧನ ಹಾಗೇ ಇರುತ್ತದೆ. ಅದನ್ನು ಬೇರೆಯಾಗಿ ಎತ್ತಿಡುತ್ತಾರೆ. ಕೋಯಾಸಾನಿಗೆ ಒಯ್ಯುವುದು ಸಾಮಾನ್ಯವಾಗಿ ಅದನ್ನೇ. ಉಳಿದದ್ದು ಮನೆತನದ ಸಮಾಧಿಗೆ ಹೋಗುತ್ತದೆ.

ಇನ್ನು ಬೆಟ್ಟಕ್ಕೆ ಬರೋಣ. ನಿಮಗೆ ಅದನ್ನು ಅರ್ಥ ಮಾಡಿಸಲು ನನ್ನ ಹತ್ತಿರ ಒಂದೇ ದಾರಿ ಇದೆ: ಮಂತ್ರಾಲಯ. ರಾಯರು 1671ರಲ್ಲಿ ಸಶರೀರವಾಗಿ ಬೃಂದಾವನ ಪ್ರವೇಶ ಮಾಡಿದರು, ಇವತ್ತಿಗೂ ಒಳಗೆ ಇದ್ದಾರೆ ಎಂದು ನಾವು ನಂಬುತ್ತೇವಲ್ಲ, ಕೋಯಾಸಾನಿನ ಬೌದ್ಧ ಗುರು ಕೂಕಾಯ್ ಕೂಡ ಹಾಗೆಯೇ. 816ರಲ್ಲಿ ರಾಜನಿಂದ ಬೆಟ್ಟ ಪಡೆದರು. 835ರಲ್ಲಿ ಧ್ಯಾನಕ್ಕೆ ಕೂತರು. ಸತ್ತರು ಎಂದು ಅಲ್ಲಿ ಯಾರೂ ಹೇಳುವುದಿಲ್ಲ. ಈಗಲೂ ದಿನಕ್ಕೆ ಎರಡು ಸಲ, ಬೆಳಗ್ಗೆ 6ಕ್ಕೆ ಮತ್ತು 10.30ಕ್ಕೆ, ಭಿಕ್ಷುಗಳು ಮರದ ಪೆಟ್ಟಿಗೆಯಲ್ಲಿ ಬಿಸಿ ಊಟ ಹೊತ್ತು ಒಳಗೆ ಒಯ್ಯುತ್ತಾರೆ. ಅವರ ಹತ್ತಿರ ಮಲಗಿದರೆ ಒಳ್ಳೆಯದಾಗುತ್ತದೆ ಎಂದು ಜನ ಸಾವಿರ ವರ್ಷದಿಂದ ತಮ್ಮವರನ್ನು ಅಲ್ಲಿಗೆ ತರುತ್ತಿದ್ದಾರೆ. ಒಕುನೊಇನ್ ಎಂಬ ಆ ಕಾಡಿನಲ್ಲಿ 2 ಲಕ್ಷಕ್ಕೂ ಜಾಸ್ತಿ ಸಮಾಧಿಗಳಿವೆ. ಬದುಕಿದ್ದಾಗ ಹೊಡೆದಾಡಿದ ತಕೇದಾ ಶಿಂಗೆನ್, ಉಎಸುಗಿ ಕೆನ್‌ಶಿನ್ ಎಂಬ ಸೇನಾಧಿಪತಿಗಳೂ ಒಂದೇ ಕಾಡಿನ ನೆರಳಲ್ಲಿದ್ದಾರೆ. ಪಂಥ ಯಾವುದು ಎಂದು ಯಾರೂ ಕೇಳುವುದಿಲ್ಲ.

ಒಂದು ಹಳೆಯ ಕೋಪವನ್ನೂ ಇಲ್ಲೇ ಹೇಳಿಬಿಡಲೇ? ಹೆಂಗಸರಿಗೆ ಆ ಬೆಟ್ಟಕ್ಕೆ ಪ್ರವೇಶ ಇರಲಿಲ್ಲ. 1872ರಲ್ಲಿ ಸರ್ಕಾರ ನಿಷೇಧ ತೆಗೆದ ಮೇಲೂ ಬಾಗಿಲು ಪೂರ್ತಿ ತೆರೆಯಲು ಇನ್ನೂ ಕೆಲವು ದಶಕ ಬೇಕಾಯಿತು. ಕೂಕಾಯ್ ಅವರ ತಾಯಿಯೇ ಮೇಲೆ ಹೋಗಲಾಗದೆ ಬೆಟ್ಟದ ಬುಡದಲ್ಲಿ ಉಳಿದರಂತೆ. ಮಗ ತಿಂಗಳಿಗೆ ಒಂಬತ್ತು ಸಲ ಇಳಿದು ಬಂದು ನೋಡಿಕೊಂಡು ಹೋಗುತ್ತಿದ್ದರು ಎಂದು ಕತೆ. ಆ ಊರಿನ ಹೆಸರು ಕುದೊಯಾಮಾ. ಅದರಲ್ಲೇ ಒಂಬತ್ತು ಇದೆ. ಒಸಾಕಾದ ನಂಬಾ ಸ್ಟೇಷನ್ನಿನಿಂದ ನೀವು ಹತ್ತುವ ಕೋಯಾ ರೈಲು ಆ ಊರಿನ ಮೇಲೇ ಹೋಗುತ್ತದೆ. ಕಿಟಕಿಯಿಂದ ನೋಡಿ. ಕೊನೆಯ ಸ್ಟೇಷನ್ ಗೊಕುರಾಕುಬಾಶಿ, ಅಂದರೆ ಸ್ವರ್ಗದ ಸೇತುವೆ. ಅಲ್ಲಿಂದ ಕೇಬಲ್ ಕಾರ್ ಐದು ನಿಮಿಷ, ಆಮೇಲೆ ಬಸ್.

ಮಂಡಿ: ಒಕುನೊಇನ್‌ಗೆ ಮೊದಲ ಸೇತುವೆಯಿಂದ ಹೊರಟರೆ ಸುಮಾರು 2 ಕಿಲೋಮೀಟರ್, ನಡುನಡುವೆ ಕಲ್ಲಿನ ಮೆಟ್ಟಿಲು. ಬೇಡ. ಒಕುನೊಇನ್-ಮಾಎ ಬಸ್ ಸ್ಟಾಪಿನಲ್ಲಿ ಇಳಿದರೆ ದಾರಿ ಅರ್ಧ ಆಗುತ್ತದೆ, ಅದು ಜಾಸ್ತಿ ಸಮತಟ್ಟು. ಹಳೆಯ ದಾರಿಯಲ್ಲಿ ಬಿದ್ದರೆ ಮೂರು ವರ್ಷದಲ್ಲಿ ಸಾವು ಎನ್ನುವ ಮೆಟ್ಟಿಲಿದೆ. ಬಗ್ಗಿದಾಗ ಮುಖ ಕಾಣದಿದ್ದರೆ ಮೂರು ವರ್ಷದಲ್ಲಿ ಸಾವು ಎನ್ನುವ ಬಾವಿಯೂ ಇದೆ. ನಿಮ್ಮ ಯಜಮಾನರು ಕುತೂಹಲದವರಾದರೆ ಅವರನ್ನೂ ಹೊಸ ದಾರಿಯಲ್ಲೇ ಕರೆದುಕೊಂಡು ಹೋಗಿ.

ಬೆಟ್ಟ ಸುಮಾರು 800 ಮೀಟರ್ ಎತ್ತರದಲ್ಲಿದೆ. ನವೆಂಬರಿನ ಚಳಿ ಮೈಸೂರಿನ ಚಳಿಯಲ್ಲ. ಒಳಗೆ ಉಲ್ಲನ್ ಇರಲಿ. ತೂತಿಲ್ಲದ ಕಾಲುಚೀಲ ಇರಲಿ, ದೇವಸ್ಥಾನದಲ್ಲಿ ಚಪ್ಪಲಿ ಬಿಡಬೇಕು. ಸೀರೆ ಕಡುನೀಲಿ ಅಥವಾ ಬೂದು ಬಣ್ಣದ್ದು, ಜರಿ ಕಡಿಮೆ. ನಮ್ಮ ಬಿಳಿ ಅವರಿಗೆ ಅರ್ಥವಾಗುವುದಿಲ್ಲ. ಅಲ್ಲಿ ಈಗ ಸಾವಿಗೆ ಕಪ್ಪು. ಮುಡಿಗೆ ಹೂ ಬೇಡ. ತಾಳಿ, ಕುಂಕುಮ ಹೇಗಿದೆಯೋ ಹಾಗೇ ಇರಲಿ. ಹಣ ಕೊಡುವುದಾದರೆ ಲಕೋಟೆಯನ್ನು ಸೊಸೆಯ ಹತ್ತಿರವೇ ತರಿಸಿ. ಸಂತೋಷಕ್ಕೆ ಬೇರೆ ಲಕೋಟೆ, ಸಾವಿಗೆ ಬೇರೆ. ಒಸಾಕಾ ಕಡೆ ಹಳದಿ-ಬಿಳಿ ದಾರ ಕಟ್ಟಿರುವುದು. 4 ಮತ್ತು 9 ಬರುವ ಮೊತ್ತ ಹಾಕಬೇಡಿ. ಒಂದರ ಉಚ್ಚಾರ ಸಾವು, ಇನ್ನೊಂದರದು ಸಂಕಟ.

ಊಟದ ಬಗ್ಗೆ ನೀವು ಕೇಳಿಲ್ಲ. ಆದರೆ ಕೇಳದೆ ಇದ್ದದ್ದೇ ದೊಡ್ಡ ಚಿಂತೆ ಎಂದು ನನಗೆ ಗೊತ್ತು. ಆ ಬೆಟ್ಟದ ದೇವಸ್ಥಾನಗಳಲ್ಲೇ ಉಳಿಯಬಹುದು. ಅಲ್ಲಿಯ ಊಟದಲ್ಲಿ ಮಾಂಸ ಇಲ್ಲ, ಮೀನಿಲ್ಲ. ಈರುಳ್ಳಿ, ಬೆಳ್ಳುಳ್ಳಿ ಕೂಡ ಇಲ್ಲ! ಎಳ್ಳಿನಿಂದ ಮಾಡಿದ ಒಂದು ನುಣುಪು ತೋಫು ಕೊಡುತ್ತಾರೆ. ಜಪಾನಿನಲ್ಲಿ ನಾನು ಏನನ್ನೂ ಕೇಳದೆ, ಕೆದಕದೆ ತಿಂದ ಜಾಗ ಅದೊಂದೇ.

ಈಗ ಎಳ್ಳು, ದರ್ಭೆ. ನೇರವಾಗಿ ಹೇಳುತ್ತೇನೆ, ತೆಗೆದುಕೊಂಡು ಹೋಗಬೇಡಿ. ಕಾಳು, ಹೂವು, ಹಣ್ಣು ಅಂದರೆ ಏರ್‌ಪೋರ್ಟಿನಲ್ಲೇ ಪೇಚಾಟ. ಅದು ಸಣ್ಣ ಕಾರಣ. ದೊಡ್ಡ ಕಾರಣ, ಅಲ್ಲಿ ಎಲ್ಲವೂ ಆಗಲೇ ಇದೆ. ಸಮಾಧಿ ಕಲ್ಲುಗಳನ್ನು ಸ್ವಲ್ಪ ನೋಡಿ. ಕೆಳಗೆ ಚೌಕ, ಅದರ ಮೇಲೆ ಗುಂಡು, ಆಮೇಲೆ ಸೂರಿನ ಆಕಾರ, ಅರ್ಧಚಂದ್ರ, ತುದಿಯಲ್ಲಿ ಮೊಗ್ಗು. ಭೂಮಿ, ನೀರು, ಬೆಂಕಿ, ಗಾಳಿ, ಆಕಾಶ. ನಮ್ಮ ಪಂಚಭೂತಗಳೇ ಒಂದರ ಮೇಲೊಂದು ಕೂತಿವೆ. ಎಷ್ಟೋ ಕಲ್ಲಿನ ಮೇಲೆ ಅ, ವ, ರ, ಹ, ಖ ಎಂಬ ಐದು ಅಕ್ಷರಗಳೂ ಇರುತ್ತವೆ. ಲಿಪಿಯ ಹೆಸರು ಸಿದ್ಧಂ. ನಮ್ಮ ಕನ್ನಡ ಲಿಪಿಯ ಹಾಗೆ ಅದೂ ಬ್ರಾಹ್ಮಿಯ ಮಗಳು. ಕೂಕಾಯ್ ಚೀನಾದಲ್ಲಿದ್ದಾಗ ಸಂಸ್ಕೃತ ಕಲಿತು ಬಂದವರು.

ಭಿಕ್ಷುಗಳು ಸತ್ತವರಿಗಾಗಿ ಹೇಳುವ ಮಂತ್ರ "ಓನ್ ಅಬೋಕ್ಯಾ ಬೇಯ್‌ರೋಶಾನೋ" ಎಂದು ಶುರುವಾಗುತ್ತದೆ. ಮೊದಲ ಸಲ ಕೇಳಿದಾಗ ತಲೆ ಬುಡ ತಿಳಿಯಲಿಲ್ಲ. ಮೂರನೇ ಸಲ ಬೆನ್ನು ನೆಟ್ಟಗಾಯಿತು. ಅದು "ಓಂ ಅಮೋಘ ವೈರೋಚನ". ಮುಂದೆ ಮಹಾಮುದ್ರಾ, ಮಣಿಪದ್ಮ, ಜ್ವಾಲ ಎಲ್ಲವೂ ಬರುತ್ತದೆ, ಜಪಾನಿ ನಾಲಿಗೆಯಲ್ಲಿ ಉರುಳಿಕೊಂಡು. ಕಿವಿಗೊಟ್ಟು ಕೇಳಿ. ನಿಮಗೆ ನನಗಿಂತ ಬೇಗ ಸಿಗಬಹುದು.

ಹೂವಿನ ಬದಲು ಅಲ್ಲಿ ಕೋಯಾಮಾಕಿ ಎಂಬ ಹಸಿರು ಮರದ ರೆಂಬೆ ಇಡುತ್ತಾರೆ. ಹೂ ಹಣ್ಣಿನ ಮರ ನೆಡಬಾರದು ಎಂದು ಹಿಂದೆ ಕಟ್ಟಳೆ ಇತ್ತು, ಹಾಗಾಗಿ. ದಾರಿಯಲ್ಲಿ ಕಟ್ಟು ಕಟ್ಟಾಗಿ ಮಾರುತ್ತಾರೆ. ಒಂದು ಕಟ್ಟು ನಿಮ್ಮ ಕೈಯಿಂದ ಕೊಳ್ಳಿ.

ಪಶ್ಚಿಮವಾಹಿನಿಯ ಮಾತು. ಅಸ್ಥಿಯನ್ನು ಹಂಚಿ ಎರಡು ಕಡೆ ಇಡುವುದು ಜಪಾನಿನಲ್ಲಿ ತಪ್ಪಲ್ಲ, ಕೋಯಾಸಾನಿಗೆ ಒಯ್ಯುವುದೇ ಹಾಗೆ. ಆದರೆ ನೀವಾಗಿ ಕೇಳಬೇಡಿ. ನಿಮ್ಮ ಮನಸ್ಸು ಒಳ್ಳೆಯದೇ. ಆದರೂ ತಾಯಿಯನ್ನು ಕಳೆದುಕೊಂಡ ಹುಡುಗಿಗೆ ಅತ್ತೆ ಬಂದು "ನಮ್ಮ ನದಿಯಲ್ಲಿ ಬಿಟ್ಟರೆ ಇನ್ನೂ ಒಳ್ಳೆಯದು" ಎಂದರೆ ಏನು ಕೇಳಿಸುತ್ತದೆ? ನೀವು ಮಾಡಿದ್ದು ಸಾಲದು ಎಂದು. ಅವಳೇ ಯಾವತ್ತಾದರೂ ಕೇಳಿದರೆ ಆಗ ಮಾತು. ಮಗನ ಕೈಯಲ್ಲೂ ಹೇಳಿಸಬೇಡಿ.

ಹಾಗಾದರೆ ನನ್ನ ಕೈಯಿಂದ ಏನೂ ಇಲ್ಲವಾ ಅನ್ನುತ್ತೀರಿ. ಇದೆ, ನೀರು. ಒಳಗಿನ ಸೇತುವೆಗೆ ಮುಂಚೆ, ತಮಾಗಾವಾ ಎಂಬ ಸಣ್ಣ ಹೊಳೆಗೆ ಬೆನ್ನು ಮಾಡಿ ಸಾಲಾಗಿ ಕಂಚಿನ ವಿಗ್ರಹಗಳಿವೆ. ಸತ್ತವರ ಹೆಸರನ್ನು ತೆಳುವಾದ ಮರದ ಪಟ್ಟಿಯ ಮೇಲೆ ಬರೆಸಿ ಅಲ್ಲಿಟ್ಟು, ಸೌಟಿನಿಂದ ವಿಗ್ರಹಕ್ಕೆ ನೀರು ಹಾಕುತ್ತಾರೆ. ಅಷ್ಟೇ. ಯಾರು ಬೇಕಾದರೂ ಹಾಕಬಹುದು.

ನಮ್ಮಪ್ಪ ಹೋದಾಗ ನಾನು ಸಕಾಯ್‌ನಲ್ಲಿದ್ದೆ. ಊರು ತಲುಪುವಷ್ಟರಲ್ಲಿ ಎಲ್ಲಾ ಮುಗಿದಿತ್ತು. ತಮ್ಮ ಬೂದಿ ಮಾತ್ರ ತೋರಿಸಿದ. ಹಿಂತಿರುಗಿದ ಮೇಲೆ ಅಜ್ಜಿ ಏನೂ ಕೇಳದೆ ಒಂದು ಭಾನುವಾರ ಕೋಯಾಸಾನಿಗೆ ಟಿಕೆಟ್ ತಂದರು. ಅವರ ಯಜಮಾನರ ಅಸ್ಥಿಯೂ ಅಲ್ಲೇ ಇತ್ತು. ಹೆಸರು ಬರೆಯುವ ಕಡೆ ನನ್ನನ್ನು ಮುಂದೆ ತಳ್ಳಿದರು. ವೆಂಕಟರಮಣ ಎಂದೆ. ಜಪಾನಿಯಲ್ಲಿ 'ವ' ನಿಲ್ಲುವುದಿಲ್ಲ. ಬರೆದವರು ಗಟ್ಟಿಯಾಗಿ ಓದಿ ತೋರಿಸಿದರು: ಬೆಂಕಟಾರಾಮಾನಾ. ನಮ್ಮಪ್ಪ ಸಿಟ್ಟಿನ ಮನುಷ್ಯ. ಊರಿನಲ್ಲಿ ಹಿಂದಿನಿಂದ ಬೆಂಕಿ ಮಾಸ್ತರು ಎಂದೇ ಕರೆಯುತ್ತಿದ್ದರು. ಆ ಕಾಡಿನ ನಡುವೆ ನನಗೆ ನಗು ತಡೆಯಲಾಗಲಿಲ್ಲ, ನಗುತ್ತಾ ನಗುತ್ತಾ ಅಳು ಬಂತು. ಅಜ್ಜಿ ಸೌಟು ಕೈಗೆ ಕೊಟ್ಟು, "ಅವರ ಭಾಷೆಯಲ್ಲೇ ಮಾತಾಡು" ಎಂದರು. ನೀರು ಹಾಕಿ, "ಅಪ್ಪ, ಬರೋದು ತಡ ಆಯ್ತು" ಎಂದೆ.

ನೀವೂ ಹಾಕಿ. ನಿಮಗೂ ಬೀಗಿತಿಗೂ ನಡುವೆ ಭಾಷೆ ಇರಲಿಲ್ಲ ಎಂದು ನನ್ನ ಊಹೆ. ಮದುವೆಯಲ್ಲಿ ಇಬ್ಬರೂ ತಲೆ ಬಗ್ಗಿಸಿ ಬಗ್ಗಿಸಿ ಕತ್ತು ನೋಯಿಸಿಕೊಂಡಿರುತ್ತೀರಿ. ಈಗ ಕನ್ನಡದಲ್ಲೇ ಹೇಳಿ, ಮಗಳನ್ನು ನೋಡಿಕೊಳ್ಳುತ್ತೇನೆ ಅಂತಲೋ, ಏನೋ.

ಸೇತುವೆ ದಾಟುವಾಗ ಟೋಪಿ ತೆಗೆದು ತಲೆಬಾಗಬೇಕು. ಅಲ್ಲಿಂದ ಮುಂದೆ ಫೋಟೋ ಇಲ್ಲ, ತಿಂಡಿ ಇಲ್ಲ. ಒಳಗಿನ ದೀಪದ ಮಂಟಪದಲ್ಲಿ ಸಾವಿರಾರು ದೀಪಗಳು. ಅದರಲ್ಲಿ ಒಂದು ಬಡ ಹುಡುಗಿಯದು. ಓತೆರು ಎಂಬುವಳು ಸಾಕಿದ ಅಪ್ಪ ಅಮ್ಮನಿಗಾಗಿ ಕೂದಲು ಮಾರಿ ದೀಪ ಹಚ್ಚಿದಳಂತೆ. ಗಾಳಿ ಬಂದಾಗ ಸಾಹುಕಾರನ ಹತ್ತು ಸಾವಿರ ದೀಪ ಆರಿತು, ಅವಳದು ಉಳಿಯಿತು ಎಂದು ಕತೆ. ಅದು ಯಾವುದು ಎಂದು ಸೊಸೆಯನ್ನೇ ಕೇಳಿ, ತೋರಿಸುತ್ತಾಳೆ.

ಪ್ರಶ್ನೆ: ಆ ಬೆಟ್ಟದಲ್ಲಿ ಗೆದ್ದಲಿಗೂ ಸಮಾಧಿ ಇದೆ ಎಂದು ಗೆಳೆಯ ಹೇಳಿದ. ಅವನು ಸುಮ್ನೆ ಬಿಡುವ ಗಿರಾಕಿ. ನಿಜವೇ?
— ಓದುಗ, ದಾವಣಗೆರೆ

ಉತ್ತರ: ಈ ಸಲ ಅವನು ಬಿಟ್ಟಿಲ್ಲ. ಗೆದ್ದಲು ಕೊಲ್ಲುವ ಕಸುಬಿನವರ ಸಂಘವೇ ನಿಲ್ಲಿಸಿದ ಕಲ್ಲು ಅದು. 'ಗೆದ್ದಲೇ, ನೆಮ್ಮದಿಯಿಂದ ಮಲಗು' ಎಂಬರ್ಥದ ಸಾಲಿದೆ. ಕಂಪನಿಗಳು ತಮ್ಮ ಕೆಲಸಗಾರರ ನೆನಪಿಗೆ ಕಟ್ಟಿಸಿದ ಸ್ಮಾರಕಗಳೂ ಬೇಕಾದಷ್ಟಿವೆ. ಕಾಫಿ ಕಂಪನಿಯದರಲ್ಲಿ ಕಲ್ಲಿನ ಕಪ್-ಸಾಸರು, ವಿಮಾನದ ಕಂಪನಿಯದು ಒಂದು ರಾಕೆಟ್. ನನಗೆ ರಾಕೆಟ್ ಅಷ್ಟಾಗಿ ಹಿಡಿಸಲಿಲ್ಲ. ಗೆದ್ದಲಿನ ಕಲ್ಲಿನ ಮುಂದೆ ಮಾತ್ರ ಸ್ವಲ್ಪ ಹೊತ್ತು ನಿಂತಿದ್ದೆ. ನಮ್ಮ ಊರಿನ ಮನೆಯ ತೊಲೆಗಳೂ ನೆನಪಾದವು.

ಪ್ರಶ್ನೆ: ಟೋಕಿಯೊ ಹತ್ತಿರದ ಸೈತಾಮಾದಲ್ಲಿ ಪೇಯಿಂಗ್ ಗೆಸ್ಟ್ ಆಗಿದ್ದೇನೆ. ಆಗಸ್ಟಿನಲ್ಲಿ ಮನೆಯೊಡತಿ ಸೌತೆಕಾಯಿ, ಬದನೆಕಾಯಿಗೆ ಕಡ್ಡಿ ಚುಚ್ಚಿ ದೇವರ ಮುಂದೆ ಇಟ್ಟಿದ್ದರು. ನಾನು ಮಕ್ಕಳ ಆಟ ಎಂದುಕೊಂಡು ನಕ್ಕುಬಿಟ್ಟೆ. ತಪ್ಪಾಯಿತೇ?
— ಹಾಸನದ ಹುಡುಗಿ

ಉತ್ತರ: ಅವರೂ ನಕ್ಕಿರಬೇಕು, ಚಿಂತೆ ಬೇಡ. ಅದು ಒಬೋನ್, ಅವರ ಪಿತೃಪಕ್ಷ. ಹಲವು ಕಡೆ ಆಗಸ್ಟ್ 13ರಿಂದ 16, ಟೋಕಿಯೊ ಪಟ್ಟಣದಲ್ಲಿ ಜುಲೈನಲ್ಲೇ ಮಾಡುವವರೂ ಇದ್ದಾರೆ. ಸೌತೆಕಾಯಿ ಕುದುರೆ, ಹಿರಿಯರು ಬೇಗ ಬರಲಿ ಎಂದು. ಬದನೆಕಾಯಿ ಹಸು, ಹೋಗುವಾಗ ನಿಧಾನವಾಗಿ ಹೋಗಲಿ ಎಂದು. ನಿಮ್ಮ ಕಡೆಯೇ ಇದು ಜಾಸ್ತಿ, ಒಸಾಕಾ ಸುತ್ತಮುತ್ತ ನಾನು ಹೆಚ್ಚು ಕಂಡಿಲ್ಲ. ಕೋಯಾಸಾನಿನಲ್ಲಿ ಅದೇ 13ರ ರಾತ್ರಿ ಸಮಾಧಿ ದಾರಿಯ ಉದ್ದಕ್ಕೂ ಜನ ಮೇಣದ ಬತ್ತಿ ಹಚ್ಚುತ್ತಾರೆ. ಒಂದು ವರ್ಷ ರಜೆ ಹಾಕಿ ಹೋಗಿ ಬನ್ನಿ.

ಉಡುಪಿಗೆ ವಾಪಸು ಬಂದ ಮೇಲೆ ಹೋದ ವರ್ಷ ಮಹಾಲಯದ ಹೊತ್ತಿಗೆ ನನಗೂ ಆಸೆಯಾಯಿತು. ಮನೆಯಲ್ಲಿ ಮಟ್ಟು ಗುಳ್ಳ ಇತ್ತು. ನಾಲ್ಕು ಕಾಲು ಚುಚ್ಚಿದೆ. ಗುಂಡಗೆ ಇದ್ದದ್ದರಿಂದ ಹಸುವಿನ ಬದಲು ಆನೆ ಆಯಿತು, ಒಂದು ಕಡೆ ವಾಲಿಕೊಂಡೇ ನಿಂತಿತು. ಅಪ್ಪನ ಫೋಟೋ ಮುಂದೆ ಸಂಜೆಯವರೆಗೆ ಇಟ್ಟು, ಆಮೇಲೆ ಕಡ್ಡಿ ಕಿತ್ತು ಹುಳಿ ಮಾಡಿದೆ. ಜಪಾನಿನಲ್ಲಿ ಅದನ್ನು ತಿನ್ನುವುದಿಲ್ಲ. ಅಪ್ಪ ಆಗಿದ್ದರೆ ಗುಳ್ಳ ಹಾಳು ಮಾಡಿದ್ದಕ್ಕೆ ಬೈಯುತ್ತಿದ್ದರು.